ಅಮ್ಮನ ಬೈಬಲ್ಲಿನಲ್ಲಿ ಇಲ್ಲದ ಹೆಂಗಸು

ನಮ್ಮ ಮನೆಯಲ್ಲಿ ಎರಡು ಬೈಬಲ್ಲುಗಳಿದ್ದವು. ತೆಳ್ಳಗಿನದು ಅಮ್ಮನದು, ಕನ್ನಡದ್ದು. ಅದು ನಡುಮನೆಯ ಗೋಡೆಗೂಡಿನಲ್ಲಿ, ಅಮ್ಮನೇ ಹೆಣೆದ ಕ್ರೋಶಾ ಬಟ್ಟೆ ಹೊದ್ದುಕೊಂಡು, ಹೊಸ ಸೊಸೆಯ ಹಾಗೆ ಕೂತ ಕಡೆಯೇ ಕೂತಿರುತ್ತಿತ್ತು. ದಪ್ಪಗಿನದು ಆರೋಗ್ಯತ್ತೆಯದು, ತಮಿಳಿನದು. ಅದಕ್ಕೆ ಬಟ್ಟೆಯೂ ಇಲ್ಲ, ಗೂಡೂ ಇಲ್ಲ. ತಾರಸಿಯ ಮೇಲಿನ ಶೀಟಿನ ಕೋಣೆಯಲ್ಲಿ ಅತ್ತೆಯ ಚಾಪೆಯ ಪಕ್ಕ ಬಿದ್ದಿರುತ್ತಿತ್ತು. ಅಮ್ಮ ಪ್ರಾಟೆಸ್ಟೆಂಟರ ಮಗಳು, ಅಪ್ಪ ಕ್ಯಾಥೊಲಿಕರ ಮಗ. ಮದುವೆಗೋಸ್ಕರ ಅಮ್ಮ ಅಪ್ಪನ ಚರ್ಚಿಗೆ ಬಂದಳು, ಪೂಜೆಗೆ ಹೋಗುವಾಗ ತಲೆಯ ಮೇಲೆ ಸೆರಗು ಹೊದ್ದಳು, ಜಪಸರ ಹಿಡಿದಳು, ಶುಕ್ರವಾರ ಮಾಂಸ ಬಿಟ್ಟಳು. ಬೈಬಲ್ಲನ್ನು ಮಾತ್ರ ಬದಲಾಯಿಸಲಿಲ್ಲ. ಅತ್ತೆ ಅದನ್ನು ಮರೆಯಲಿಲ್ಲ. ಇವರಿಬ್ಬರ ಮಾತು ಏರಿತೆಂದರೆ, ಅವೆನ್ಯೂ ರಸ್ತೆಯ ಸ್ಟೇಷನರಿ ಅಂಗಡಿಯಲ್ಲಿ ದಿನವಿಡೀ ನಿಂತು ಸುಸ್ತಾಗಿ ಬಂದಿರುತ್ತಿದ್ದ ಅಪ್ಪ ಮತ್ತೆ ಚಪ್ಪಲಿ ಮೆಟ್ಟಿಕೊಂಡು ಬೀದಿಗೆ ಹೋಗಿಬಿಡುತ್ತಿದ್ದ. ಕನ್ನಡ ಬೈಬಲ್ಲಿನ ದೇವರು ಬೇರೆ, ತಮಿಳು ಬೈಬಲ್ಲಿನ ದೇವರು ಬೇರೆ, ಇಬ್ಬರೂ ನಮ್ಮ ಹಾಗೇ ಒಂದೇ ವಠಾರದಲ್ಲಿ ಬಾಡಿಗೆಗೆ ಇದ್ದಾರೆ ಎಂದು ನಾನು ಬಹಳ ದಿನ ನಂಬಿದ್ದೆ.

ವಠಾರವಿದ್ದದ್ದು ಚಾಮರಾಜಪೇಟೆಯಲ್ಲಿ. ಬೀದಿಗೆ ಮುಖ ಮಾಡಿದ ಮುಂದಿನ ಮನೆಯಲ್ಲಿ ರುದ್ರಪ್ಪನವರು, ಅವರೂ ನಮ್ಮ ಹಾಗೆ ಬಾಡಿಗೆಯವರೇ. ಲಿಂಗ ಕಟ್ಟಿಕೊಂಡ ಮನೆತನ, ಪೇಟೆಯಲ್ಲಿ ಬೆಲ್ಲದ ವ್ಯಾಪಾರ, ವಠಾರಕ್ಕೆಲ್ಲ ಅವರೇ ಹಿರಿಯರು. ಅವರ ಹೆಂಡತಿ ಗೌರಮ್ಮ. ಅವರ ಹಿಂದೆ ಸಾಲಾಗಿ ಬಾಡಿಗೆ ಮನೆಗಳು, ಕಟ್ಟಕಡೆಯದು ನಮ್ಮದು: ಒಂದು ನಡುಮನೆ, ಒಂದು ಅಡುಗೆಮನೆ, ಅಡುಗೆಮನೆಯ ಮೂಲೆಯಲ್ಲೇ ಬಚ್ಚಲು. ಎಲ್ಲರಿಗೂ ಸೇರಿ ಅಂಗಳದಲ್ಲಿ ಒಂದೇ ನಲ್ಲಿ. ನಲ್ಲಿಗೆ ನೀರು ಬರಬೇಕಾದರೆ ಗೇಟಿನ ಹತ್ತಿರದ ಆಳದ ಗುಂಡಿಯೊಳಗೆ ಉದ್ದನೆಯ ಕಬ್ಬಿಣದ ಕೋಲು ಇಳಿಸಿ ವಾಲ್ವು ತಿರುಗಿಸಬೇಕಿತ್ತು. ಆ ಕೋಲಿನ ತುದಿಗೆ ತಿರುಪು ಹಾಕಿ ಕೂರಿಸಿದ ಒಂದು ಹಿತ್ತಾಳೆಯ ಗುಂಡು, ಸಣ್ಣ ತೆಂಗಿನಕಾಯಿಯಷ್ಟು ದಪ್ಪ, ಅದರ ಹೊಟ್ಟೆಯಲ್ಲಿ ಐದು ಮೂಲೆಯ ತೂತು. ಯಾವ ಕಾಲದಲ್ಲಿ ಯಾರು ಎರಕ ಹೊಯ್ದಿದ್ದರೋ, ಆ ವಾಲ್ವಿಗೆ ಅದೊಂದೇ ಕೂರುತ್ತಿತ್ತು. ನಾವೆಲ್ಲ ಅದನ್ನು ತಲೆ ಎನ್ನುತ್ತಿದ್ದೆವು. "ತಲೆ ಬಿಚ್ಚಿ ಒಳಗಿಡು", "ತಲೆಗೆ ಎಣ್ಣೆ ಹಾಕಿದ್ಯಾ" ಎಂದು ನಮ್ಮ ಗಂಡಸರು ಮಾತಾಡಿಕೊಳ್ಳುವುದನ್ನು ಕೇಳಿ ಹೊಸ ನೆಂಟರು ಬೆಚ್ಚುತ್ತಿದ್ದರು.

ಆರೋಗ್ಯತ್ತೆ ಅಪ್ಪನ ಅಕ್ಕ. ಅವಳ ಗಂಡ ಬಿನ್ನಿಪೇಟೆಯ ಮಿಲ್ಲಿನಲ್ಲಿ ಮಗ್ಗದ ಕೆಲಸಕ್ಕಿದ್ದ. ಒಂದು ಬೇಸಿಗೆಯಲ್ಲಿ ಬಿಸಿಲು ಬಡಿದು ಮಲಗಿದವನು ಮತ್ತೆ ಏಳಲಿಲ್ಲ. ಮಕ್ಕಳಿರಲಿಲ್ಲ. ತಮ್ಮನ ಮನೆಗೆ ಬಂದ ಅತ್ತೆ, ಕೆಳಗೆ ಇರು ಎಂದು ಅಪ್ಪ ಎಷ್ಟು ಹೇಳಿದರೂ ಕೇಳದೆ ತಾರಸಿ ಹತ್ತಿದಳು. ಅಲ್ಲಿ ಯಾವ ಕಾಲದಲ್ಲೋ ಸೌದೆ ಒಟ್ಟಲು ಹಾಕಿದ್ದ ಶೀಟಿನ ಕೋಣೆಯನ್ನು ಗುಡಿಸಿ, ಸಾರಿಸಿ, ಗೋಡೆಗೆ ಶಿಲುಬೆ ಹೊಡೆದು ತನ್ನದು ಮಾಡಿಕೊಂಡಳು. ಬಿಳಿ ಸೀರೆ, ದಿನಕ್ಕೆ ಒಂದೇ ಊಟ, ಬೀದಿಯ ಮಕ್ಕಳ ಫ್ರಾಕು ಹೊಲಿಯುವುದು, ಸಂಜೆಗೆ ಜಪ. ಇಳಿದು ಬರುತ್ತಿದ್ದದ್ದು ನೀರಿಗೆ, ಚರ್ಚಿಗೆ ಮತ್ತು ನಮ್ಮನ್ನು ಬಯ್ಯುವುದಕ್ಕೆ. ಅವಳು ಚೆಂದವಿದ್ದಳು. ಅದನ್ನು ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ; ವಿಧವೆಯ ವಿಷಯದಲ್ಲಿ ಹಾಗೆಲ್ಲ ಹೇಳಬಾರದಂತೆ. ಇನ್ನೊಂದು ವಿಚಿತ್ರ, ಅವಳು ಯಾರ ಮನೆಯಲ್ಲೂ ಏನನ್ನೂ ಬಾಯಿಗೆ ಹಾಕುತ್ತಿರಲಿಲ್ಲ. ಎಲ್ಲಿಗೆ ಹೋದರೂ ಹೆಗಲಿಗೆ ಒಂದು ಚೀಲ, ಗಂಡ ಮಿಲ್ಲಿನಿಂದ ತಂದಿದ್ದ ಖಾಕಿ ತುಂಡುಬಟ್ಟೆಯಲ್ಲಿ ತಾನೇ ಹೊಲಿದದ್ದು. ಅದರೊಳಗೆ ರಾಗಿರೊಟ್ಟಿ, ಹುರಿಗಾಳು, ಒಂದು ಬಾಳೆಹಣ್ಣು. ಮದುವೆ ಮನೆಗೆ ಹೋಗಿಯೂ ಆ ಚೀಲ ಬಿಚ್ಚಿ ತಿಂದವಳು ಅವಳು. ಅಮ್ಮನಿಗೆ ಅದು ಮೈಯೆಲ್ಲ ಉರಿಯುವ ವಿಷಯ. "ನಮ್ಮ ಕೈ ಅಡುಗೆ ಇವರಿಗೆ ಆಗಲ್ವಂತೆ" ಎಂದು ಪಾತ್ರೆಗಳನ್ನು ಕುಕ್ಕುತ್ತಿದ್ದಳು.

ಮಧ್ಯಾಹ್ನಗಳನ್ನು ನಾನು ತಾರಸಿಯಲ್ಲಿ ಕಳೆಯುತ್ತಿದ್ದೆ. ಶೀಟು ಕಾದು ಕೋಣೆ ಬಾಣಲೆಯಾಗಿರುತ್ತಿತ್ತು. ಅತ್ತೆ ದಪ್ಪ ಬೈಬಲ್ಲು ತೆರೆದು ತಮಿಳಿನಲ್ಲಿ ಒಂದು ಸಾಲು ಓದಿ, ಅದನ್ನು ನನಗೆ ಕನ್ನಡದಲ್ಲಿ ಹತ್ತು ಸಾಲು ಮಾಡಿ ಹೇಳುತ್ತಿದ್ದಳು. ಹಾಗೆ ಒಂದು ದಿನ ಯೂದಿತ್ತು ಬಂದಳು. ತಮಿಳಿನ ಪುಸ್ತಕದಲ್ಲಿ ಅವಳ ಹೆಸರು ಹಾಗೇ ಇತ್ತು. ನನ್ನ ಕಿವಿಗೆ ಅದು ಹೆಸರಾಗಿ ಕೇಳಿಸಲೇ ಇಲ್ಲ.

"ಯೂದ ಇತ್ತು ಅಂದ್ರೆ? ಈಗಿಲ್ವಾ?"

"ಅಯ್ಯೋ ಮಂಕೆ, ಅದು ಹೆಸರು ಕಣೆ. ಯೂದಿತ್ತು. ಹೆಂಗಸು."

"ಹೆಂಗಸಾದ್ರೆ ಇದ್ಳು ಅನ್ಬೇಕು. ಇತ್ತು ಅನ್ನೋದು ನಾಯಿಗೆ, ಬೆಕ್ಕಿಗೆ."

"ಸರಿ ಟೀಚರಮ್ಮ. ಯೂದಿತ್ತು ಇದ್ಳು. ಮುಂದಕ್ಕೆ ಹೇಳ್ಲೋ ಬೇಡ್ವೋ?"

ಮುಂದಿನದನ್ನು ಕೇಳಿ ನನಗೆ ಉಸಿರು ನಿಂತಿತು. ಬೆಟ್ಟದ ಮೇಲೊಂದು ಊರು. ಕೆಳಗೆ ಶತ್ರುಗಳ ದಂಡು. ಹೆಸರು ನಾಲಿಗೆಗೆ ತಿರುಗದ ಒಬ್ಬ ಸೇನಾಧಿಪತಿ ಊರಿನ ನೀರಿನ ಬುಗ್ಗೆಗಳನ್ನು ಹಿಡಿದು ಕೂತುಬಿಟ್ಟ, ಕತ್ತಿ ಎತ್ತುವುದೇ ಬೇಡ, ಬಾಯಾರಿ ತಾವೇ ಬಂದು ಕಾಲಿಗೆ ಬೀಳಲಿ ಎಂದು. ಊರಿನ ಹಿರಿಯರು, ಇಷ್ಟು ದಿನದೊಳಗೆ ದೇವರು ನೀರು ಕೊಡದಿದ್ದರೆ ಸೋಲೊಪ್ಪೋಣ ಎಂದು ತೀರ್ಮಾನಿಸಿದರು. ಆಗ ಯೂದಿತ್ತು ತನ್ನ ಮನೆಯ ಮಾಳಿಗೆಯಿಂದ ಇಳಿದು ಬಂದಳು. ಗಂಡ ಬಿಸಿಲು ಬಡಿದು ಸತ್ತ ಮೇಲೆ ಮಾಳಿಗೆಯ ಮೇಲೆ ಡೇರೆ ಹಾಕಿಕೊಂಡು ಉಪವಾಸ ಮಾಡಿಕೊಂಡಿದ್ದ ವಿಧವೆ. ಹಿರಿಯರನ್ನು ಬಯ್ದಳು, ಸಿಂಗಾರ ಮಾಡಿಕೊಂಡಳು, ಶತ್ರುವಿನ ಅನ್ನ ಮುಟ್ಟಬಾರದೆಂದು ತನ್ನ ಊಟವನ್ನು ಚೀಲಕ್ಕೆ ತುಂಬಿ ಕೆಲಸದವಳ ಕೈಗೆ ಕೊಟ್ಟು, ನೆಟ್ಟಗೆ ದಂಡಿನೊಳಕ್ಕೆ ನಡೆದಳು. ಕುಡಿದು ಬಿದ್ದಿದ್ದ ಸೇನಾಧಿಪತಿಯ ತಲೆಯನ್ನು ಅವನ ಕತ್ತಿಯಿಂದಲೇ ಕಡಿದು ಅದೇ ಊಟದ ಚೀಲದಲ್ಲಿ ಹಾಕಿಸಿಕೊಂಡು ಬಂದು ಊರ ಗೋಡೆಗೆ ನೇತುಹಾಕಿಸಿದಳು. ದಂಡು ದಿಕ್ಕಾಪಾಲಾಯಿತು. ನನ್ನ ಕಣ್ಣು ಮಾತ್ರ ಆ ಕೆಲಸದವಳ ಮೇಲೆ. ಅವಳಿಗೆ ಪುಸ್ತಕದಲ್ಲಿ ಹೆಸರೇ ಇಲ್ಲ. ತಲೆಯನ್ನು ಚೀಲಕ್ಕೆ ಹಾಕಿದವಳು ಅವಳು, ಹೊತ್ತವಳು ಅವಳು. ಆ ಚೀಲ ಹಿಡಿದು ಕಾವಲುಗಾರರ ಮುಂದೆ ಹೇಗೆ ನಡೆದಳೋ.

ಕೆಳಗೆ ಓಡಿ ಅಮ್ಮನಿಗೆ ಹೇಳಿದೆ. ಅಮ್ಮ ಕೈಯ ಹಿಟ್ಟು ತೊಳೆದುಕೊಂಡು ಬಂದು, ತನ್ನ ಬೈಬಲ್ಲಿನ ಮೊದಲ ಪುಟದಲ್ಲಿದ್ದ ಹೆಸರುಗಳ ಮೇಲೆ ಬೆರಳಿಟ್ಟು ಕೊನೆಯವರೆಗೆ ಎಳೆದಳು.

"ನೋಡು. ಇಲ್ಲ. ಸತ್ಯವೇದದಲ್ಲಿ ಅಂಥಾ ಹೆಂಗ್ಸೇ ಇಲ್ಲ. ಸಿಂಗಾರ ಮಾಡ್ಕೊಂಡು ಗಂಡಸಿನ ಹತ್ರ ಹೋಗೋದು, ತಲೆ ಕಡಿಯೋದು, ಇದೆಲ್ಲ ನಿಮ್ಮತ್ತೆ ಕಟ್ಟಿದ್ದು."

ಮತ್ತೆ ಮೇಲೆ ಓಡಿದೆ. ಅತ್ತೆ ಸೂಜಿಗೆ ದಾರ ಪೋಣಿಸುತ್ತಿದ್ದವಳು ತಲೆಯೆತ್ತಲಿಲ್ಲ.

"ನಿಮ್ಮಮ್ಮನ ಬೈಬಲ್ಲಲ್ಲಿ ಹಾಳೆ ಕಮ್ಮಿ. ಅದಕ್ಕೆ ನಾನೇನು ಮಾಡ್ಲಿ?"

ಕ್ಯಾಥೊಲಿಕರು ಇಟ್ಟುಕೊಂಡ ಕೆಲವು ಪುಸ್ತಕಗಳನ್ನು ಪ್ರಾಟೆಸ್ಟೆಂಟರು ಬಿಟ್ಟಿದ್ದಾರೆ ಎಂಬುದು ನನಗೆ ತಿಳಿದದ್ದು ತಲೆ ಬೆಳ್ಳಗಾಗಲು ಶುರುವಾದ ಮೇಲೆ. ಅವತ್ತು ಮಾತ್ರ ನಾನೇ ಒಂದು ನ್ಯಾಯ ತೀರ್ಮಾನ ಮಾಡಿದೆ. ಯೂದಿತ್ತುವಿಗೆ ಕನ್ನಡ ಬರುವುದಿಲ್ಲ, ಅದಕ್ಕೇ ಅವಳು ತಮಿಳು ಬೈಬಲ್ಲಿನಲ್ಲೇ ಉಳಿದುಕೊಂಡಿದ್ದಾಳೆ. ಪಾಪ, ಸಂಜೆ ಹೊತ್ತು ಅವಳಿಗೆ ಅ ಆ ಇ ಈ ಹೇಳಿಕೊಟ್ಟರೆ ಅಮ್ಮನ ಪುಸ್ತಕಕ್ಕೂ ಬರಬಹುದು. ಇದನ್ನು ಅತ್ತೆಗೆ ಹೇಳಿದಾಗ ಅವಳು ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಅವಳು ನಕ್ಕದ್ದನ್ನು ನಾನು ನೋಡಿದ್ದೇ ಅಪರೂಪ.

ಅಷ್ಟರಲ್ಲಿ ವಠಾರದ ಮಾಲೀಕರು ತೀರಿಕೊಂಡು, ಮನೆಗಳು ಅವರ ಅಳಿಯನ ಕೈಗೆ ಬಂದವು. ಅವನ ಹೆಸರೇನೋ, ಎಲ್ಲರ ಬಾಯಲ್ಲೂ ಅವನು ಅಳಿಯನೇ. ಬಳೇಪೇಟೆಯಲ್ಲಿ ಗಾಜಿನ ಬಳೆಗಳ ಸಗಟು ಅಂಗಡಿ ಇಟ್ಟಿದ್ದ. ಹಳೆಯದನ್ನೆಲ್ಲ ಕೆಡವಿ ಹೊಸ ಕಟ್ಟಡ ಎಬ್ಬಿಸುವ ಆಸೆ ಅವನಿಗೆ. ಖಾಲಿ ಮಾಡಿ ಎಂದು ಹೇಳಿ ಕಳಿಸಿದ, ಯಾರೂ ಅಲುಗಲಿಲ್ಲ. ಒಂದು ಬೆಳಗ್ಗೆ ತಾನೇ ಬಂದು ವಾಲ್ವು ಮುಚ್ಚಿ, ಕೋಲಿನಿಂದ ತಲೆ ಬಿಚ್ಚಿಕೊಂಡು ಹೊರಟ.

"ವಾಲ್ವು ರಿಪೇರಿ ಇದೆ. ನೀವೆಲ್ಲ ಖಾಲಿ ಮಾಡಿದ್ಮೇಲೆ ನಿಧಾನಕ್ಕೆ ಮಾಡಿಸ್ತೀನಿ."

ನೀರು ನಿಂತ ಮನೆ ಹೇಗಿರುತ್ತದೆಂದು ಹೇಳಬೇಕು. ಮೊದಲು ಹಂಡೆ ಬರಿದಾಯಿತು, ಆಮೇಲೆ ಕೊಡಗಳು, ಆಮೇಲೆ ಚೊಂಬುಗಳು. ವಠಾರದಾಚೆಯ ಮನೆಯವರು ಮೊದಲು ಕರೆದು ಕೊಟ್ಟರು, ಆಮೇಲೆ ಕೇಳಿದರೆ ಕೊಟ್ಟರು, ಆಮೇಲೆ ಅವರ ಬಾಗಿಲು ಮುಂದಕ್ಕೆ ಬಂತು. ಅಪ್ಪ ಪೇಟೆಯ ಕಬ್ಬಿಣದ ಅಂಗಡಿಗಳನ್ನೆಲ್ಲ ಸುತ್ತಿ ಬಂದ. ನಾಲ್ಕು ಮೂಲೆಯದು ಸಿಕ್ಕಿತು, ಆರು ಮೂಲೆಯದು ಸಿಕ್ಕಿತು, ಐದು ಮೂಲೆಯದು ಎಲ್ಲೂ ಇಲ್ಲ. ಗುಂಡಿಗೆ ಇಳಿಯಲು ಕರೆದ ಪ್ಲಂಬರು ಅಳಿಯನ ಹೆಸರು ಕೇಳಿ ಚೀಲ ಎತ್ತಿಕೊಂಡು ಹೋದ. ಬಚ್ಚಲು ನಾರತೊಡಗಿತು. ಎಲ್ಲಕ್ಕಿಂತ ದೊಡ್ಡ ಕಷ್ಟ ಅಮ್ಮನದು. ಆಗಷ್ಟೇ ತಮ್ಮ ಹುಟ್ಟಿದ್ದ, ಅಮ್ಮ ಹಸಿ ಬಾಣಂತಿ. ಎಣ್ಣೆ ತಿಕ್ಕಿ ಹಂಡೆಗಟ್ಟಲೆ ಬಿಸಿನೀರು ಸುರಿಯಬೇಕಾದ ಮೈಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿಕೊಂಡು ಮಲಗುತ್ತಿದ್ದಳು. ಮೈ ಬಿಸಿಯೇರಿತು. ಹಾಲು ಕಡಿಮೆಯಾಯಿತು. ಮಗುವಿನ ಅಳು ಸಣ್ಣಗಾಗುತ್ತಾ ಬಂದದ್ದು ನನಗೆ ಇವತ್ತಿಗೂ ಕೇಳಿಸುತ್ತದೆ. ಬಾಣಂತಿಯನ್ನೂ ಕೂಸನ್ನೂ ಕಟ್ಟಿಕೊಂಡು ಮನೆ ಬಿಟ್ಟು ಎಲ್ಲಿಗೆ ಹೋಗುವುದು ಎಂದು ಅಪ್ಪ ಗೋಡೆಗೆ ಒರಗಿ ಕೂತಿರುತ್ತಿದ್ದ.

ಗಂಡಸರೆಲ್ಲ ರುದ್ರಪ್ಪನವರ ಜಗಲಿಯಲ್ಲಿ ಸೇರಿದರು. ಕೊನೆಗೆ ರುದ್ರಪ್ಪನವರೇ ಎದ್ದರು.

"ಭಾನುವಾರದವರೆಗೆ ನೋಡೋಣ. ದೇವರು ಕಣ್ಬಿಟ್ರೆ ಸರಿ. ಇಲ್ಲಾಂದ್ರೆ ಮರ್ಯಾದೆಯಾಗಿ ಖಾಲಿ ಮಾಡ್ಕೊಂಡು ಹೋಗೋಣ. ಕೂಸು ಬಾಣಂತಿ ಇರೋ ಮನೆ ಇದು."

ಹಾಗೆಂದು ತಲೆ ತಗ್ಗಿಸಿದರು. ಮೆಟ್ಟಿಲಿನ ಮೇಲೆ ಹೆಜ್ಜೆ ಸದ್ದಾಯಿತು. ಅತ್ತೆ ಇಳಿದು ಬಂದಳು, ಅವಳು ಗಂಡಸರ ಸಭೆಯ ಹತ್ತಿರ ಎಂದೂ ಸುಳಿದವಳಲ್ಲ. ಬಂದು ಜಗಲಿಯ ಕೆಳಗೆ ನಿಂತಳು.

"ದೇವರಿಗೆ ಭಾನುವಾರದ ಗಡುವು ಕೊಡೋಕೆ ನೀವ್ಯಾರು ರುದ್ರಪ್ಪನೋರೇ? ಆತನೇನು ನಿಮ್ಮ ಅಂಗಡಿ ಆಳಾ?"

ಆ ಮಾತು ನನಗೆ ಗೊತ್ತಿತ್ತು. ಹೆಚ್ಚುಕಡಿಮೆ ಅದನ್ನೇ ಬೆಟ್ಟದ ಮೇಲಿನ ಊರಿನಲ್ಲಿ ಯೂದಿತ್ತು ಹೇಳಿದ್ದಳು. ನಾನು ಗೌರಮ್ಮನ ಸೆರಗು ಹಿಡಿದುಕೊಂಡೆ. ರುದ್ರಪ್ಪನವರಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ.

"ಮತ್ತೇನು ಮಾಡೋಣ, ನೀವೇ ಹೇಳಿ ತಾಯಿ."

"ನಾನೊಂದು ಕಡೆ ಹೋಗಿ ಬರ್ತೀನಿ. ಎಲ್ಲಿಗೆ, ಯಾಕೆ ಅಂತ ಕೇಳ್ಬೇಡಿ. ಅಲ್ಲೀತಂಕ ಯಾರೂ ಸಾಮಾನು ಕಟ್ಬೇಡಿ."

ಮರುದಿನ ಮಧ್ಯಾಹ್ನ ಅವಳು ಇಳಿದು ಬಂದದ್ದನ್ನು ನೋಡಿ ವಠಾರ ಕಲ್ಲಾಯಿತು. ಎಲೆ ಹಸಿರು ರೇಷ್ಮೆ ಸೀರೆ, ಕಿವಿಯಲ್ಲಿ ಓಲೆ, ಬಾಚಿ ತಿರುಚಿ ಕಟ್ಟಿದ ತುರುಬು. ಅದೇ ಮುಖ, ಆದರೆ ಇಷ್ಟು ದಿನ ನಾನು ನೋಡಿದ್ದು ಏನನ್ನು ಎಂದು ನನಗೇ ಅನುಮಾನವಾಯಿತು. ಅಮ್ಮ ಕೂಸನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಿಗೆ ಬಂದಳು.

"ಅತ್ತಿಗೆ, ಇದೇನಿದು ವೇಷ? ಜನ ಏನಂತಾರೆ?"

"ಅನ್ಲಿ ಬಿಡು ಗ್ರೇಸಮ್ಮ. ಅಂದೋರು ನೀರು ತಂದ್ಕೊಡ್ತಾರಾ?"

ಗೌರಮ್ಮ ಒಳಗೆ ಹೋದರು. ಗಂಡ ಸತ್ತವಳು ರೇಷ್ಮೆ ಉಟ್ಟದ್ದನ್ನು ನೋಡಲಾರದೆ ಬಾಗಿಲು ಹಾಕಿಕೊಳ್ಳುತ್ತಾರೆ ಎಂದು ನಾವೆಲ್ಲ ಅಂದುಕೊಂಡೆವು. ತಿರುಗಿ ಬಂದಾಗ ಅವರ ಕೈಯಲ್ಲಿ ತಾವು ಪೂಜೆಗೆಂದು ಕಟ್ಟಿದ್ದ ಕನಕಾಂಬರದ ದಂಡೆ ಇತ್ತು. ಅದನ್ನು ತಾವೇ ಅತ್ತೆಯ ತುರುಬಿಗೆ ಮುಡಿಸಿದರು.

"ಲೂರ್ದು, ಚೀಲ ತಗೋ" ಎಂದು ಅತ್ತೆ ನನ್ನ ಕಡೆ ತಿರುಗಿದಳು.

ನಾನು ಹೊರಡಬೇಕಿತ್ತು. ಹೆಸರಿಲ್ಲದ ಆ ಕೆಲಸದವಳು ನಾನೇ. ಖಾಕಿ ಚೀಲ ಹೆಗಲಿಗೆ ಹಾಕಿಕೊಂಡು ಅತ್ತೆಯ ಹಿಂದೆ ಮಾರ್ಕೆಟ್ಟು ದಾಟಿ, ಕೈಗಾಡಿಗಳ ನಡುವೆ ನುಸುಳಿ, ಬಳೇಪೇಟೆ ಸೇರಿದೆ. ಅಳಿಯನ ಅಂಗಡಿಯ ಬಾಗಿಲಲ್ಲಿ ಒಬ್ಬ ಮುದುಕ ಕಾವಲಿಗೆ ಕೂತಿದ್ದ. ಚೀಲ ಕಿತ್ತುಕೊಂಡು ಒಳಗೆ ಕೈ ಹಾಕಿ, ರೊಟ್ಟಿ ಹೊರಗೆ ತೆಗೆದು ಮೂಸಿ ನೋಡಿ ವಾಪಸು ಕೊಟ್ಟ. ಒಳಗೆ ನೆಲದಿಂದ ಸೂರಿನವರೆಗೆ ಬಳೆಗಳು, ದಾರದಲ್ಲಿ ಕಟ್ಟಿದ ಗೊಂಚಲುಗಳು, ಕೆಂಪು, ಹಸಿರು, ಹಳದಿ. ಗಾದಿಯ ಮೇಲೆ ಅಳಿಯ. ಅವನ ಬೆನ್ನ ಹಿಂದೆ, ತಲೆಯಿಂದ ಸ್ವಲ್ಪ ಮೇಲೆ, ಬಳೆ ಗೊಂಚಲುಗಳ ನಡುವಿನ ಮೊಳೆಗೆ ನಮ್ಮ ತಲೆ ನೇತಾಡುತ್ತಿತ್ತು. ನಮ್ಮ ಬಾಯಾರಿಕೆಯನ್ನು ಅಲಂಕಾರಕ್ಕೆ ಇಟ್ಟುಕೊಂಡಿದ್ದ ಆ ಪಾಪಿ. ಅತ್ತೆ ಅದರ ಕಡೆ ಕಣ್ಣನ್ನೂ ಹಾಯಿಸದೆ ಗಾದಿಯ ಎದುರಿನ ಮಣೆಯ ಮೇಲೆ ಕೂತಳು.

"ವಠಾರದೋರು ಭಾನುವಾರದವರೆಗೆ ಅಂತ ಮಾತಾಡ್ಕೊಂಡಿದಾರೆ" ಎಂದಳು.

ಅಳಿಯ ಅವಳನ್ನು ನೋಡಿದ ರೀತಿ ನನಗೆ ಸರಿ ಬರಲಿಲ್ಲ. "ಆಮೇಲೆ?"

"ಆಮೇಲೆ ಸ್ವಾಮಿ ಮನಸ್ಸಲ್ಲಿ ಏನಿದೆಯೋ ಅದೇ ಆಗೋದು."

ಅವನ ಮುಖ ಊರಗಲವಾಯಿತು. ಕಾಫಿ ತರಿಸಿದ, ಅತ್ತೆ ಮುಟ್ಟಲಿಲ್ಲ. ನಮ್ಮ ಚೀಲ ಬಿಚ್ಚಿ ನನಗೊಂದು ರೊಟ್ಟಿ ಕೊಟ್ಟು ತಾನೊಂದು ತಿಂದಳು. ಅವನು ಒಂದು ಜೊತೆ ಹಸಿರು ಬಳೆ ತೆಗೆದು, ಸೀರೆಗೆ ಒಪ್ಪುತ್ತೆ, ಹಾಕ್ಕೊಳ್ಳಿ ಎಂದು ಮುಂದಕ್ಕೆ ಚಾಚಿದ. ನನಗೆ ಎದ್ದು ಓಡಬೇಕೆನಿಸಿತು. ಅತ್ತೆ ಕೈ ಮುಗಿದಳು.

"ಸ್ವಾಮಿ ಹಾಕ್ಕೋ ಅಂದ ದಿನ ಹಾಕ್ಕೋತೀನಿ."

ದಾರಿಯಲ್ಲಿ ನನಗೆ ಅಳುವೇ ಬಂತು.

"ಅತ್ತೆ, ನೀನು ಅವನಿಗೆ ಸ್ವಾಮಿ ಅಂದ್ಯಾ?"

"ಅವನಿಗಾ? ನಾನ್ಯಾವಾಗಂದೆ?" ಎಂದು ನಿಂತು ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡಳು. "ನಮಗೆ ಸ್ವಾಮಿ ಒಬ್ಬನೇ. ಯೇಸುಸ್ವಾಮಿ. ಅವನು ತನಗೇ ಅಂದ್ಕೊಂಡ್ರೆ ಅದು ಅವನ ಕಿವಿ ತಪ್ಪು."

ಮರುದಿನ ಶುಕ್ರವಾರವೂ ಹೋದೆವು. ಮುದುಕ ಚೀಲದ ಬಾಯಿ ಬಿಡಿಸಿ ಇಣುಕಿ ಬಿಟ್ಟುಬಿಟ್ಟ. ಮನೆಗೆ ಬಂದರೆ ತಮ್ಮ ಅಳುವುದನ್ನೇ ನಿಲ್ಲಿಸಿದ್ದ. ಅಮ್ಮ ಅವನ ತುಟಿಗೆ ಒದ್ದೆ ಬಟ್ಟೆ ಒತ್ತುತ್ತಾ ಕೂತಿದ್ದಳು, ನಮ್ಮ ಕಡೆ ತಿರುಗಿ ಕೂಡ ನೋಡಲಿಲ್ಲ. ಅತ್ತೆ ತಾರಸಿಗೆ ಹೋಗಿ ಮೊಣಕಾಲೂರಿದವಳು ಎದ್ದದ್ದನ್ನು ನಾನು ಕಾಣೆ.

ಶನಿವಾರ ಮುದುಕ ಚೀಲವನ್ನು ನೋಡಲೂ ಇಲ್ಲ. ಅಳಿಯ ಅವತ್ತು ಖುಷಿಯಲ್ಲಿದ್ದ. ಮಧ್ಯಾಹ್ನಕ್ಕೆ ಅಂಗಡಿಯ ಬಾಗಿಲನ್ನು ಅರ್ಧ ಎಳೆಸಿದ, ಹೋಟೆಲಿನಿಂದ ಬಿರಿಯಾನಿ ತರಿಸಿದ, ಗಾದಿಯ ಕೆಳಗಿನಿಂದ ಬಾಟಲಿ ತೆಗೆದು ಲೋಟಕ್ಕೆ ಹಾಕಿಕೊಂಡ. ನೀವೂ ತಿನ್ನಿ ಎಂದು ಒತ್ತಾಯ ಮಾಡಿದ. ಅತ್ತೆ ನಮ್ಮ ರೊಟ್ಟಿಯನ್ನು ತುಂಡು ತುಂಡಾಗಿ, ನಿಧಾನವಾಗಿ, ಅದು ಮುಗಿಯಲೇಬಾರದು ಎಂಬಂತೆ ತಿನ್ನುತ್ತಿದ್ದಳು. ಅವನು ಮಾತಾಡಿದ, ಇನ್ನೊಂದು ಲೋಟ ಕುಡಿದ, ಮತ್ತೂ ಮಾತಾಡಿದ, ಗಾದಿಯ ದಿಂಬಿಗೆ ಒರಗಿದ. ಮಾತು ತೊದಲಿತು. ಆಮೇಲೆ ಗೊರಕೆ.

ಅತ್ತೆ ಎದ್ದಳು. ತುಟಿ ಅಲುಗುತ್ತಿತ್ತು, ಅವಳು ದೇವರೊಡನೆ ತಮಿಳಿನಲ್ಲಿ ಮಾತಾಡುತ್ತಿದ್ದಳು. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಗಾದಿಯ ಅಂಚಿಗೆ ಕಾಲಿಟ್ಟು, ಅವನ ಮುಖದ ಮೇಲಿಂದ ಕೈ ಚಾಚಿದಳು. ಎರಡು ಪಕ್ಕದಲ್ಲೂ ಬಳೆ ಗೊಂಚಲುಗಳು. ಬೆರಳು ತಾಗಿದರೆ ಸಾಕು, ಅಂಗಡಿಯೇ ಎದ್ದು ಕೂಗುತ್ತಿತ್ತು. ಅಳಿಯನ ಗೊರಕೆ ಒಮ್ಮೆ ನಿಂತಿತು, ಅತ್ತೆಯ ಕೈಯೂ ನಿಂತಿತು. ಗೊರಕೆ ಮತ್ತೆ ಶುರುವಾಯಿತು, ಕೈ ಮೇಲೆ ಹೋಯಿತು. ಮೊಳೆಯಿಂದ ತಲೆ ಬಿಡಿಸಿ ಎದೆಗೆ ಅವಚಿಕೊಂಡು ಇಳಿದು ನನ್ನ ಕೈಗೆ ಕೊಟ್ಟಳು. ತಣ್ಣಗಿತ್ತು, ಭಾರವಿತ್ತು. ನಾನು ಅದನ್ನು ಚೀಲದ ತಳಕ್ಕೆ ಇಳಿಸಿ ಮೇಲೆ ರೊಟ್ಟಿಯ ಬಟ್ಟೆ ಮುಚ್ಚಿದೆ. ನನ್ನ ಜೀವಮಾನದಲ್ಲಿ ನಾನು ಮಾಡಿದ ಕೆಲಸಗಳಲ್ಲಿ ಅದಕ್ಕಿಂತ ದೊಡ್ಡದು ಇನ್ನೊಂದಿಲ್ಲ.

ಬಾಗಿಲಲ್ಲಿ ಮುದುಕ ತಲೆ ಎತ್ತಿದ.

"ಏನಮ್ಮ, ಇವತ್ತು ರೊಟ್ಟಿ ಮಿಕ್ಕಿದಂಗಿದೆ?"

"ಮಿಕ್ಕಿದೆ ಕಣಪ್ಪ. ಮನೇಲಿ ಎಲ್ಲರಿಗೂ ಆಗೋಷ್ಟು."

ಬೀದಿಯ ತಿರುವು ದಾಟಿದ ಮೇಲೆ ನೋಡುತ್ತೇನೆ, ಅವಳ ರವಿಕೆಯ ಬೆನ್ನು ಪೂರ್ತಿ ನೆನೆದಿತ್ತು. ಹೆದರಿಕೆ ಅವಳಿಗೂ ಆಗುತ್ತದೆ ಎಂದು ನನಗೆ ಆಗ ಗೊತ್ತಾಯಿತು. ಗೊತ್ತಾದದ್ದರಿಂದ ಅವಳು ನನ್ನ ಕಣ್ಣಿನಲ್ಲಿ ಇನ್ನೂ ದೊಡ್ಡವಳಾದಳು. ಚೀಲ ಹೆಗಲನ್ನು ಕೊಯ್ಯುತ್ತಿತ್ತು.

"ಭಾರಾನಾ?"

"ಹೂಂ."

"ಹೊರು. ಅದು ನಿನ್ನ ಪಾಲಿನದು."

ವಠಾರದಲ್ಲಿ ನಾನೇ ಚೀಲ ಬಿಚ್ಚಿದೆ. ರುದ್ರಪ್ಪನವರು ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡರು. ಅಪ್ಪ ಅದನ್ನು ಕೋಲಿಗೆ ತಿರುಪಿ, ಗುಂಡಿಗೆ ಇಳಿಸಿ, ಮೈಯ ಭಾರವನ್ನೆಲ್ಲ ಹಾಕಿ ತಿರುಗಿಸಿದ. ನಲ್ಲಿ ಕೆಮ್ಮಿತು, ತುಕ್ಕು ಉಗುಳಿತು, ಆಮೇಲೆ ನೀರು ಬಂತು. ಅವತ್ತು ಸಂಜೆ ಅತ್ತೆ ರೇಷ್ಮೆ ಬಿಚ್ಚಿಟ್ಟು ತನ್ನ ಬಿಳಿ ಸೀರೆ ಉಟ್ಟು ನಮ್ಮ ಬಚ್ಚಲಿಗೆ ಬಂದಳು. ಒಲೆಗೆ ಸೌದೆ ಒಡ್ಡಿ ಹಂಡೆ ಕಾಯಿಸಿ, ಅಮ್ಮನ ಮೈಗೆ ಎಣ್ಣೆ ತಿಕ್ಕಿ, ಚೊಂಬಿನ ಮೇಲೆ ಚೊಂಬು ಬಿಸಿನೀರು ಹೊಯ್ದಳು. ಹೊಗೆಯೊಳಗೆ ಅಮ್ಮ ಅಳುತ್ತಿದ್ದಳೋ, ನೀರೋ, ಗೊತ್ತಾಗಲಿಲ್ಲ. ತಮ್ಮ ಹೊಟ್ಟೆ ತುಂಬ ಕುಡಿದು, ವಠಾರವೆಲ್ಲ ಕೇಳುವಂತೆ ಅತ್ತ.

ಎಲ್ಲರೂ ನೀರು ಹಿಡಿದಾದ ಮೇಲೆ ಅತ್ತೆ ತಲೆಯನ್ನು ಬಿಚ್ಚಿಸಿ, ತೆಂಗಿನ ಹಗ್ಗದಲ್ಲಿ ಕಟ್ಟಿ, ಬೀದಿಗೆ ಕಾಣುವ ಹಾಗೆ ತಾರಸಿಯ ಗೋಡೆಗೆ ನೇತುಹಾಕಿದಳು. ಭಾನುವಾರ ಬೆಳಗ್ಗೆ, ಪೂಜೆ ಮುಗಿದು ಬೀದಿ ತುಂಬ ಜನವಿರುವ ಹೊತ್ತಿಗೆ ಅಳಿಯ ಬಂದ. ಗೇಟಿನ ಮುಂದೆ ನಿಂತು ಮೇಲೆ ನೋಡಿದ. ಬಿಸಿಲಿಗೆ ಹಿತ್ತಾಳೆ ಹೊಳೆಯುತ್ತಿತ್ತು. ಪಕ್ಕದಲ್ಲಿ ಬಿಳಿ ಸೀರೆಯ ಅತ್ತೆ ಒದ್ದೆ ಬಟ್ಟೆ ಹಿಂಡಿ ಒಣಗಿಹಾಕುತ್ತಿದ್ದಳು. ರುದ್ರಪ್ಪನವರು ಜಗಲಿಯಿಂದಲೇ ಕೈ ಮುಗಿದರು.

"ಬನ್ನಿ. ನಮ್ಮ ತಲೆ ನಿಮ್ಮ ಹತ್ರ ಇತ್ತಲ್ಲ. ಹೆಂಗೆ ವಾಪಸು ಬಂತು ಅಂತ ನೀವೇ ಹೇಳ್ಬೇಕು. ಇಷ್ಟು ಜನ ಇದಾರೆ, ಎಲ್ಲರೂ ಕೇಳ್ತೀವಿ."

ಅವನು ಬಾಯಿ ತೆರೆದ. ಏನು ಹೇಳಿಯಾನು? ಬಿಕೋ ಎನ್ನುವ ಮಧ್ಯಾಹ್ನ ಒಬ್ಬ ವಿಧವೆಯನ್ನು ಅಂಗಡಿಯಲ್ಲಿ ಕೂರಿಸಿಕೊಂಡು ಕುಡಿದು ಮಲಗಿದ್ದೆ, ಅವಳು ಮೂಗಿನ ಮೇಲಿಂದ ಎತ್ತಿಕೊಂಡು ಹೋದಳು ಎನ್ನಬೇಕಿತ್ತು. ಬಾಯಿ ಮುಚ್ಚಿದ, ತಿರುಗಿದ, ಹೋದ. ಆಮೇಲೆ ಬಾಡಿಗೆಗೆ ಆಳು ಬರುತ್ತಿದ್ದ, ಅಳಿಯ ನಮ್ಮ ಬೀದಿಗೆ ಕಾಲಿಡಲಿಲ್ಲ. ನಾವು ಆ ಮನೆಯಲ್ಲೇ ಇದ್ದೆವು. ನನ್ನ ಮದುವೆಯೂ ಅದೇ ಅಂಗಳದಲ್ಲಿ ಆಯಿತು.

ಈಗ ಕನ್ನಡದಲ್ಲೂ ದಪ್ಪ ಬೈಬಲ್ಲು ಬಂದಿದೆ, ಅದರಲ್ಲಿ ಅವಳಿದ್ದಾಳೆ. ಹೆಸರನ್ನು ಬೇರೆ ಥರ ಅಚ್ಚು ಹಾಕಿದ್ದಾರೆ, ನನ್ನ ಬಾಯಿಗೆ ಅದು ಒಗ್ಗುವುದಿಲ್ಲ. ಕಥೆ ನಿಜವೋ ಕಟ್ಟಿದ್ದೋ ಎಂದು ಓದಿದವರು ವಾದ ಮಾಡುತ್ತಾರೆ. ಮಾಡಿಕೊಳ್ಳಲಿ. ನಮ್ಮ ಮನೆಯಲ್ಲಿ ಆ ವಾದ ಮುಗಿದದ್ದು ತಮ್ಮನನ್ನು ನೋಡಲು ಅಮ್ಮನ ತವರಿನ ಪ್ರಾಟೆಸ್ಟೆಂಟ್ ಸಭೆಯ ಪಾದ್ರಿ ಅಯ್ಯನವರು ಬಂದ ದಿನ. ಬಿಸಿಲಲ್ಲಿ ನಡೆದು ಬಂದಿದ್ದರು. ಅಮ್ಮ ನಲ್ಲಿಯಿಂದ ಆಗಷ್ಟೇ ಹಿಡಿದ ನೀರನ್ನು ಲೋಟದಲ್ಲಿ ಕೊಟ್ಟಳು. ಮಗುವಿಗೆ ಪ್ರಾರ್ಥನೆ ಮಾಡಿ, ನನ್ನನ್ನು ಹತ್ತಿರ ಕರೆದು, ನಿನಗೆ ಯಾವ ಬೈಬಲ್ ಕಥೆ ಗೊತ್ತು ಎಂದು ಕೇಳಿದರು. ನಾನು ಯೂದಿತ್ತುವಿನ ಕಥೆಯನ್ನು ಒಂದೇ ಉಸಿರಿಗೆ ಹೇಳಿದೆ, ಚೀಲ, ತಲೆ, ಗೋಡೆ ಯಾವುದನ್ನೂ ಬಿಡದೆ. ಅಯ್ಯನವರು ಒಳ್ಳೆಯವರು, ನಕ್ಕು ನನ್ನ ತಲೆ ಸವರಿದರು.

"ಅವಳು ನಮ್ಮ ಸತ್ಯವೇದದಲ್ಲಿ ಇಲ್ಲ ಮಗು."

ನಾನು ಅಮ್ಮನ ಮುಖ ನೋಡಿದೆ. ಬೆರಳಿಟ್ಟು ಎಳೆದು ಇಲ್ಲ ಎಂದು ತೋರಿಸಿದ್ದವಳು ಅವಳೇ ತಾನೆ. ಅಮ್ಮ ಕೂಸನ್ನು ಮಡಿಲಲ್ಲಿ ಸರಿಮಾಡಿಕೊಂಡು, ಗೂಡಿನಲ್ಲಿದ್ದ ತನ್ನ ಬೈಬಲ್ಲನ್ನು ಒಮ್ಮೆ, ಮೇಲಿನ ಸೂರನ್ನು ಒಮ್ಮೆ ನೋಡಿದಳು.

"ಇದಾರೆ ಅಯ್ಯನೋರೇ" ಎಂದಳು. "ತಾರಸಿ ಮೇಲೆ ಇದಾರೆ. ನೀವು ಕುಡೀತಿರೋ ನೀರು ಅವರು ತಂದಿದ್ದು."